ನಿನ್ನೆ ಬಿದ್ದ ಮಳೆ, ನೂರೈವತ್ತು ವರ್ಷದ ಮಳೆ: ಕೊಳ್ಳೇಗಾಲ ಸೀಮೆಯ ಒಂದು ಲೆಕ್ಕ

2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕೊಳ್ಳೇಗಾಲ ತಾಲ್ಲೂಕಿನ ದಾಸನಪುರ, ಮುಳ್ಳೂರು, ಹಳೇ ಹಂಪಾಪುರ, ಹಳೇ ಅಣಗಳ್ಳಿ ಕಡೆ ನೀರು ನುಗ್ಗಿದಾಗ ನಾವು ವರದಿಗೆ ಹೋಗಿದ್ದೆವು. ರಾತ್ರಿ ಕೂತು ಕಳಿಸಿದ ಸುದ್ದಿಯ ಮೊದಲ ಸಾಲಿನಲ್ಲೇ 'ತಾಲ್ಲೂಕಿನಲ್ಲಿ ಮಳೆಯ ಆರ್ಭಟ' ಅಂತ ಬರೆದಿದ್ದೆವು. ಕೆಳಗೆ ಇನ್ನೊಂದು ಸಾಲು: 'ಹವಾಮಾನ ವೈಪರೀತ್ಯಕ್ಕೆ ನದಿ ತೀರದ ಜನ ತತ್ತರ.' ಮಾರನೇ ದಿನ ಗಂಜಿ ಕೇಂದ್ರದಲ್ಲಿ ಪೇಪರ್ ಹಿಡಿದು ಕೂತಿದ್ದ ಹಿರಿಯರೊಬ್ಬರು ನಮ್ಮನ್ನು ಕರೆದು ಕೂರಿಸಿಕೊಂಡರು. "ನಮ್ಮೂರ್ಲಿ ಎಲ್ಲಪ್ಪ ಮಳ ಬಿದ್ದದು? ನೆಲ ನೆನೆಯೋಷ್ಟು ಬಿದ್ದಿಲ್ಲ. ನೀರು ಮಾತ್ರ ಮನ ಒಳಕ ಬಂದದ. ಮಳ ಬಿದ್ದದ್ದು ಕೊಡಗಲ್ಲಿ. ನೀ ಬರದಿರದು ಯಾವೂರ ಸುದ್ದಿ?" ಅಂದರು.

ಅವರು ಹೇಳಿದ್ದು ಸರಿ. ಕೊಡಗಿನಲ್ಲಿ ಬಿದ್ದ ನೀರು ಕೆಆರ್‌ಎಸ್ ದಾಟಿ, ವಯನಾಡಿನಲ್ಲಿ ಬಿದ್ದ ನೀರು ಕಬಿನಿ ದಾಟಿ, ಎರಡೂ ತಿರುಮಕೂಡಲಿನಲ್ಲಿ ಸೇರಿ ನಮ್ಮ ಗದ್ದೆಗೆ ಬಂದಿತ್ತು. ನಾವು ಒಂದೇ ಸುದ್ದಿಯಲ್ಲಿ ಎರಡು ತಪ್ಪು ಮಾಡಿದ್ದೆವು. ಬೇರೆ ಊರಿನ ಮಳೆಯನ್ನು ನಮ್ಮೂರ ಮಳೆ ಮಾಡಿದ್ದೆವು. ಒಂದು ವಾರದ ಮಳೆಯನ್ನು ಇಡೀ ಭೂಮಿಯ ಬದಲಾವಣೆ ಮಾಡಿದ್ದೆವು. ಆಮೇಲೆ ಈ ಎರಡನ್ನು ಬಿಡಿಸಿ ನೋಡಬೇಕು ಅನ್ನಿಸಿತು. ನೋಡುತ್ತಾ ಹೋದರೆ ಕೊಳ್ಳೇಗಾಲ, ಹನೂರು, ಯಳಂದೂರಿನ ಇತಿಹಾಸದಲ್ಲೇ ಇದಕ್ಕೆ ಬೇಕಾದಷ್ಟು ಸರಕು ಸಿಕ್ಕಿತು.

ಮೊದಲ ತೊಡಕು ಮಾತಿನದ್ದು. ಇವತ್ತು ಮೋಡ ಇದೆ, ನಾಳೆ ಗುಡುಗು ಬರುತ್ತೆ ಅನ್ನುವುದಕ್ಕೂ ನಾವು 'ಹವಾಮಾನ' ಅನ್ನುತ್ತೇವೆ. ಭೂಮಿ ಬಿಸಿಯಾಗುತ್ತಿದೆ ಅನ್ನುವುದಕ್ಕೂ 'ಹವಾಮಾನ ಬದಲಾವಣೆ' ಅನ್ನುತ್ತೇವೆ. ಸ್ಕೂಲಿನ ಸಮಾಜ ಪುಸ್ತಕದಲ್ಲಿ 'ವಾಯುಗುಣ' ಅಂತ ಇನ್ನೊಂದು ಪದ ಇತ್ತು, ಪರೀಕ್ಷೆ ಮುಗಿದ ಮೇಲೆ ಯಾರೂ ಮುಟ್ಟಲಿಲ್ಲ. ನಿಜಕ್ಕೂ ಅದು ಬೇಕಾದ ಪದ. ಇವತ್ತಿನದು, ಈ ವಾರದ್ದು ಹವಾಮಾನ. ಹತ್ತಾರು ವರ್ಷ ಅಳೆದು ತೆಗೆದ ನೆಲದ ಗುಣ ವಾಯುಗುಣ. ವಿಶ್ವ ಹವಾಮಾನ ಸಂಸ್ಥೆ ಇದಕ್ಕೆ ಇಟ್ಟುಕೊಂಡಿರುವ ಅಳತೆ 30 ವರ್ಷ.

ಕೊಳ್ಳೇಗಾಲದ ಗೂಡಿನ ಮಾರುಕಟ್ಟೆಗೆ ಹೋಗುವ ರೈತರಿಗೆ ಇದನ್ನು ಹೀಗೆ ಹೇಳಬಹುದು. ಇವತ್ತಿನ ಹರಾಜಿನಲ್ಲಿ ನಿಮ್ಮ ಲಾಟಿಗೆ ಕೂಗಿದ ರೇಟು ಹವಾಮಾನ. ಗೂಡಿನ ಬೆಳೆ ನಂಬಿ ಹಿಪ್ಪುನೇರಳೆ ಹಾಕಬಹುದು ಅಂತ ನಿಮ್ಮಪ್ಪ ಎಷ್ಟೋ ವರ್ಷ ನೋಡಿ ತೀರ್ಮಾನ ಮಾಡಿದ್ದು ವಾಯುಗುಣ. ಒಂದು ದಿನ ರೇಟು ಬಿದ್ದರೆ ಯಾರೂ ಗಿಡ ಕೀಳುವುದಿಲ್ಲ. ಒಂದು ದಿನ ಏರಿದರೆ ಸಾಲ ಮಾಡಿ ಎರಡು ಎಕರೆ ಹೊಸದಾಗಿ ನೆಡುವುದೂ ಇಲ್ಲ. (ನೆಡುವವರೂ ಇದ್ದಾರೆ, ಆ ಮಾತು ಬೇರೆ.)

ನಮ್ಮ ಹಿರಿಯರಲ್ಲಿ ವಾಯುಗುಣದ ಲೆಕ್ಕ ಇರಲಿಲ್ಲ ಅಂದುಕೊಳ್ಳಬೇಡಿ. ಮಳೆ ನಕ್ಷತ್ರಗಳು ಅದೇ ಲೆಕ್ಕ. ಸೂರ್ಯ ಒಂದು ನಕ್ಷತ್ರದಲ್ಲಿ ಇರುವ 13-14 ದಿನ ಒಂದು ಮಳೆ. ಏಪ್ರಿಲ್ 14ರ ಹೊತ್ತಿಗೆ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ 11ರ ಸುಮಾರಿಗೆ ಕೃತ್ತಿಕೆ. ಹೀಗೆ ಸಾಗಿ ಆಗಸ್ಟ್ ಕೊನೆಗೆ ಹುಬ್ಬೆ, ಆಮೇಲೆ ಉತ್ತರೆ, ಹಸ್ತ, ಅಕ್ಟೋಬರಿನಲ್ಲಿ ಚಿತ್ತೆ, ಸ್ವಾತಿ. 'ಭರಣಿ ಬಂದರೆ ಧರಣಿ ಬೆಳೆಯುತ್ತೆ' ಅಂತ ಅಜ್ಜಿ ಹೇಳಿದ್ದು ಮುಂದಿನ ಮಂಗಳವಾರ ಮಳೆ ಬರುತ್ತೆ ಅಂತಲ್ಲ. ತಲೆಮಾರುಗಳ ಕಾಲ ನೋಡಿದ ಮೇಲೆ ಉಳಿದ ಸರಾಸರಿ ಅದು.

ಈ ಪಟ್ಟಿಯನ್ನು ನಮ್ಮ ಸೀಮೆಯ ಮಳೆಯ ಜೊತೆ ಇಟ್ಟು ನೋಡಿ. ಟಿವಿಯವರು ಜೂನ್ 1ಕ್ಕೆ ಕೇರಳಕ್ಕೆ ಮುಂಗಾರು ಬಂತು ಅಂತ ಕೂಗುತ್ತಾರೆ. ಇಡೀ ದೇಶಕ್ಕೆ ಜೂನ್‌ನಿಂದ ಸೆಪ್ಟೆಂಬರ್ ತನಕ ಸರಾಸರಿ 87 ಸೆಂಟಿಮೀಟರ್ ಮಳೆ ಅಂತ ಹವಾಮಾನ ಇಲಾಖೆ ಲೆಕ್ಕ ಹಾಕುತ್ತದೆ. ನಮಗೆ ಜೂನ್, ಜುಲೈ ಅಂದರೆ ಗಾಳಿ. ಪಶ್ಚಿಮ ಘಟ್ಟ ಆ ಮಳೆಯನ್ನು ಆಚೆಯೇ ಇಳಿಸಿಕೊಳ್ಳುತ್ತದೆ, ಈಚೆ ಮಳೆ ನೆರಳು ಬೀಳುತ್ತದೆ. ನಮ್ಮ ಮಳೆ ಎರಡು ಕಂತು. ಮೇ ತಿಂಗಳಿನ ಗುಡುಗು ಮಳೆ ಒಂದು, ಸೆಪ್ಟೆಂಬರ್-ಅಕ್ಟೋಬರಿನದು ಇನ್ನೊಂದು. ಎಳ್ಳು ಮೊದಲ ಕಂತಿಗೆ, ಹುರುಳಿ ಎರಡನೆಯದಕ್ಕೆ, ನಡುವೆ ರಾಗಿ. ಹಾಗಾಗಿ 'ದೇಶದಲ್ಲಿ ವಾಡಿಕೆ ಮುಂಗಾರು' ಅನ್ನುವ ಸುದ್ದಿಯಿಂದ ಲೊಕ್ಕನಹಳ್ಳಿಯ ರೈತನಿಗೆ ಏನೂ ತಿಳಿಯುವುದಿಲ್ಲ.

'ಪಂಚಾಂಗದ ಮಳೆ ಈಗ ತಪ್ಪುತ್ತೆ' ಅನ್ನುವವರಿಗೆ ಒಂದು ಮಾತು. ನಕ್ಷತ್ರದ ವರ್ಷ ಋತುವಿನ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. ಅದರಿಂದ ಸುಮಾರು 70 ವರ್ಷಕ್ಕೆ ಒಂದು ದಿನ, ಸಾವಿರ ವರ್ಷಕ್ಕೆ ಒಂದು ಮಳೆಯಷ್ಟು ಪಟ್ಟಿ ಜಾರುತ್ತದೆ. ನಿಮ್ಮ ತಾತನ ಕಾಲಕ್ಕೂ ನಿಮ್ಮ ಕಾಲಕ್ಕೂ ಒಂದು ದಿನದ ವ್ಯತ್ಯಾಸ ಬಂದಿರಬಹುದು, ಅಷ್ಟೆ. ಮಳೆ ಹದಿನೈದು ದಿನ ಆಚೀಚೆ ಆಯಿತು ಅಂದರೆ ಪಂಚಾಂಗದ ಮೇಲೆ ಹಾಕುವಂತಿಲ್ಲ.

ಅಜ್ಜಿಯ ನೆನಪು ಹೀಗಿದ್ದರೆ, ಸರ್ಕಾರದ ನೆನಪು ಬರೆದಿಡುವುದು. ಇಲ್ಲಿ ನಮ್ಮ ಸೀಮೆಗೆ ಒಂದು ವಿಚಿತ್ರ ಇದೆ. 1956ರ ನವೆಂಬರ್ 1ರ ತನಕ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು, ಮದ್ರಾಸಿನ ಆಡಳಿತ. ಹನೂರು ಆಗ ಅದರೊಳಗೇ ಇತ್ತು, ಪ್ರತ್ಯೇಕ ತಾಲ್ಲೂಕು ಆಗಿದ್ದು ಈಚೆಗೆ. ಯಳಂದೂರು ಮೈಸೂರಿನದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಟ್ಟ ಸೀಮೆ. ಹೀಗಾಗಿ ಒಂದೇ ಮೋಡದ ಮಳೆ ಕೊಳ್ಳೇಗಾಲದಲ್ಲಿ ಬಿದ್ದರೆ ಮದ್ರಾಸಿನ ಪುಸ್ತಕಕ್ಕೆ, ಕೆಲವು ಮೈಲಿ ಈಚೆ ಯಳಂದೂರಿನಲ್ಲಿ ಬಿದ್ದರೆ ಮೈಸೂರಿನ ಪುಸ್ತಕಕ್ಕೆ ಸೇರುತ್ತಿತ್ತು. 'ಕೊಳ್ಳೇಗಾಲ ತಾಲ್ಲೂಕಿನ ಸರಾಸರಿ ಮಳೆ' ಅಂತ ಹಳೇ ಪುಸ್ತಕದಲ್ಲಿ ಕಂಡರೆ ಅದರಲ್ಲಿ ಹನೂರಿನ ಬೆಟ್ಟಗಳೂ ಇವೆ ಅನ್ನುವುದನ್ನು ಮರೆಯಬಾರದು. ಇವತ್ತಿನ ಕೊಳ್ಳೇಗಾಲ ತಾಲ್ಲೂಕಿನ ಅಂಕಿ ಪಕ್ಕ ಅದನ್ನು ಇಟ್ಟು 'ಮಳೆ ಇಷ್ಟು ಬದಲಾಯಿತು' ಅಂದರೆ ಬದಲಾಗಿದ್ದು ಮಳೆಯೋ ಗಡಿಯೋ ಗೊತ್ತಾಗುವುದಿಲ್ಲ.

ಎರಡೂ ಪುಸ್ತಕಗಳು ಒಂದೇ ಕತೆ ಹೇಳುವ ವರ್ಷಗಳೂ ಇವೆ. ಅವು 1876, 1877. ಸಂವತ್ಸರದ ಹೆಸರಿನಲ್ಲಿ ಧಾತು, ಈಶ್ವರ. ಹಳೇ ಮೈಸೂರಿನಲ್ಲಿ 'ಧಾತು ಈಶ್ವರದ ಬರ' ಅಂದರು, ಗಡಿಯಾಚೆ ತಮಿಳರು 'ದಾದು ವರುಷದ ಪಂಜ' ಅಂದರು. 1876ರಲ್ಲಿ ಮುಂಗಾರು ಸೊರಗಿತು, ನಮ್ಮ ಕಡೆ ಕೈಹಿಡಿಯಬೇಕಾದ ಹಿಂಗಾರೂ ಬರಲಿಲ್ಲ. ಮರುವರ್ಷದ ಮುಂಗಾರೂ ಹೆಚ್ಚುಕಡಿಮೆ ಸೆಪ್ಟೆಂಬರ್ ತನಕ ಕೈಕೊಟ್ಟಿತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷಕ್ಕೂ ಹೆಚ್ಚು ಜನ ಇದ್ದರು. 1881ರಲ್ಲಿ ಎಣಿಸಿದಾಗ ಸಿಕ್ಕವರು ಸುಮಾರು 42 ಲಕ್ಷ. ಹತ್ತು ವರ್ಷದಲ್ಲಿ ಹುಟ್ಟಬೇಕಾದವರನ್ನೂ ಸೇರಿಸಿದರೆ ನಷ್ಟ ಇನ್ನೂ ದೊಡ್ಡದು.

ಈ ಬರ ಹವಾಮಾನವೋ ವಾಯುಗುಣವೋ? ಆಗಿನವರಿಗೆ ಇದು ದೈವದ ಮುನಿಸು. ನಮಗೆ ಈಗ ಗೊತ್ತಿರುವುದು ಬೇರೆ. ಅದೇ ಹೊತ್ತಿಗೆ ಉತ್ತರ ಚೀನಾದಲ್ಲಿ ಬರ, ಬ್ರೆಜಿಲ್‌ನ ಈಶಾನ್ಯ ಭಾಗದಲ್ಲಿ ಬರ. ಪೆಸಿಫಿಕ್ ಸಾಗರದ ನಡು ಮತ್ತು ಪೂರ್ವ ಭಾಗದ ನೀರು ಅಳತೆ ಮೀರಿ ಬಿಸಿಯಾದಾಗ ಗಾಳಿಯ ಚಕ್ರವೇ ಜಾಗ ಬದಲಿಸುತ್ತದೆ. ಅದೇ ಎಲ್ ನಿನೊ. 1877-78ರದ್ದು ದಾಖಲೆಯಲ್ಲಿರುವ ಅತಿ ಜೋರಿನ ಎಲ್ ನಿನೊಗಳಲ್ಲಿ ಒಂದು. ಅಂದರೆ ಸಾವಿರಾರು ಮೈಲಿ ದೂರದ ಸಮುದ್ರ ಕೊಳ್ಳೇಗಾಲದ ಹೊಲವನ್ನು ಒಣಗಿಸಿತು. ಆದರೂ ಇದು ಭೂಮಿ ಬಿಸಿಯಾದ ಕತೆಯಲ್ಲ. ಕೆಲವು ವರ್ಷಕ್ಕೊಮ್ಮೆ ಬಂದು ಹೋಗುವ ಏರಿಳಿತ. ವಾಯುಗುಣದೊಳಗೇ ಇರುವ ಉಸಿರಾಟ ಅನ್ನಬಹುದು. ಕಾರ್ಖಾನೆಯ ಹೊಗೆ ಇಷ್ಟಿಲ್ಲದ ಕಾಲದಲ್ಲೂ ಅದು ಇತ್ತು.

ಇಲ್ಲಿ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆವು. ಮಳೆ ನಿಲ್ಲಿಸಿದ್ದು ಸಮುದ್ರ. ಜನರನ್ನು ಕೊಂದಿದ್ದರಲ್ಲಿ ಸರ್ಕಾರದ ಪಾಲು ದೊಡ್ಡದು. ಬರದ ನಡುವೆಯೂ ದೇಶದಿಂದ ಧಾನ್ಯ ಹಡಗು ಹತ್ತುವುದು ನಿಲ್ಲಲಿಲ್ಲ. ವೈಸರಾಯ್ ಲಿಟ್ಟನ್ ಖರ್ಚು ಕಡಿಮೆ ಮಾಡಲು ರಿಚರ್ಡ್ ಟೆಂಪಲ್ ಅವರನ್ನು ಕಳಿಸಿದರು. ಅವರು 1877ರ ಆರಂಭದಲ್ಲಿ ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡು, ಅಂದರೆ 450 ಗ್ರಾಂ ಧಾನ್ಯ ಮತ್ತು ಚಿಲ್ಲರೆ ಕಾಸಿಗೆ ಇಳಿಸಿದರು. ಕಲ್ಲು ಹೊರುವವನ ದಿನದ ಊಟ ಅದು. ಮದ್ರಾಸಿನ ಆರೋಗ್ಯ ಅಧಿಕಾರಿಯಾಗಿದ್ದ ಕಾರ್ನಿಷ್ ಇದು ಸಾಯುವ ರೇಷನ್ ಅಂತ ವಾದ ಮಾಡಿದರು. ಕೊನೆಗೆ ಆ ಅಳತೆಯನ್ನು ಏರಿಸಬೇಕಾಯಿತು, ಅಷ್ಟರಲ್ಲಿ ತಿಂಗಳುಗಳು ಕಳೆದಿದ್ದವು. ಕೊಳ್ಳೇಗಾಲ ಮದ್ರಾಸಿನ ಆಡಳಿತ, ಮೈಸೂರು ಆಗ ಬ್ರಿಟಿಷ್ ಕಮಿಷನರ ಆಡಳಿತ. ಗಡಿಯ ಎರಡೂ ಕಡೆ ಹಸಿದವರ ಮೇಲಿದ್ದದ್ದು ಒಂದೇ ಕೈ.

ಬರ ಮುಗಿದ ಮೇಲೆ ಸರ್ಕಾರಕ್ಕೆ ಮಳೆಯನ್ನು ಮುಂಚೆ ತಿಳಿಯುವ ಆತುರ ಬಂತು. ಭಾರತದ ಹವಾಮಾನ ಇಲಾಖೆ ಶುರುವಾಗಿದ್ದೇ 1875ರಲ್ಲಿ, ಬರಕ್ಕೆ ಒಂದು ವರ್ಷ ಮುಂಚೆ. ಅದರ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡ್ ಹಿಮಾಲಯದ ಹಿಮ ಹೆಚ್ಚಿದ್ದರೆ ಮುಂಗಾರು ಕಡಿಮೆ ಅಂತ ಗುರುತಿಸಿದರು, 1886ರ ಜೂನ್‌ನಲ್ಲಿ ಮೊದಲ ಮುಂಗಾರು ಮುನ್ಸೂಚನೆ ಕೊಟ್ಟರು. ಆಮೇಲೆ 1904ರಲ್ಲಿ ಬಂದ ಗಿಲ್ಬರ್ಟ್ ವಾಕರ್ ಗಣಿತದವರು. ಪ್ರಪಂಚದ ಮೂಲೆಮೂಲೆಯ ಅಂಕಿ ತರಿಸಿ, ಗುಮಾಸ್ತರನ್ನು ಕೂರಿಸಿ ಗುಣಾಕಾರ ಮಾಡಿಸಿ, ಹಿಂದೂ ಮಹಾಸಾಗರದ ಕಡೆ ಗಾಳಿಯ ಒತ್ತಡ ಏರಿದಾಗ ಪೆಸಿಫಿಕ್ ಕಡೆ ಇಳಿಯುತ್ತದೆ ಅನ್ನುವ ತೂಗುಯ್ಯಾಲೆಯನ್ನು ಕಂಡುಹಿಡಿದರು. ಎಲ್ ನಿನೊ ಜೊತೆ ಅದರ ಸಂಬಂಧ ಸ್ಪಷ್ಟವಾಗಲು 1960ರ ದಶಕದ ಕೊನೆ ತನಕ ಕಾಯಬೇಕಾಯಿತು. ಮೈಸೂರು ಸಂಸ್ಥಾನವೂ 1890ರ ದಶಕದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಅವರ ಕೈಯಲ್ಲಿ ತನ್ನದೇ ಹವಾಮಾನ ಇಲಾಖೆ ಕಟ್ಟಿ ತಾಲ್ಲೂಕುಗಳ ಮಳೆ ಬರೆಸಿತು.

ಕಚೇರಿ ಅಂಗಳದ ಮಳೆಮಾಪಕಕ್ಕೂ ಭೂಮಿಯ ಬಿಸಿಗೂ ಏನು ಸಂಬಂಧ ಅಂತ ಕೇಳಬಹುದು. 1938ರಲ್ಲಿ ಗೈ ಕ್ಯಾಲೆಂಡರ್ ಅನ್ನುವ ಇಂಗ್ಲೆಂಡಿನ ಸ್ಟೀಮ್ ಎಂಜಿನಿಯರ್ ಬಿಡುವಿನಲ್ಲಿ ಒಂದು ಕೆಲಸ ಮಾಡಿದರು. ಪ್ರಪಂಚದ ಸುಮಾರು 150 ಊರುಗಳ ಹಳೇ ಉಷ್ಣಾಂಶದ ಪುಸ್ತಕಗಳನ್ನು ಕೂಡಿಸಿ, ಐವತ್ತು ವರ್ಷದಲ್ಲಿ ಭೂಮಿ ಹತ್ತಿರ ಹತ್ತಿರ 0.3 ಡಿಗ್ರಿ ಬಿಸಿಯಾಗಿದೆ ಅಂತ ತೋರಿಸಿದರು. ಕಲ್ಲಿದ್ದಲಿನ ಹೊಗೆ ಕಾರಣ ಅಂದರು. ಯಾರೂ ಹೆಚ್ಚು ನಂಬಲಿಲ್ಲ. ಆದರೆ ಅವರ ಹತ್ತಿರ ಇದ್ದ ಸರಕು ಇಷ್ಟೇ: ಯಾವುದೋ ಊರಿನಲ್ಲಿ ಯಾರೋ ಗುಮಾಸ್ತ ದಿನಾ ಬೆಳಗ್ಗೆ ಎದ್ದು ಬರೆದ ಅಂಕಿ. ಒಂದೊಂದೇ ನೋಡಿದರೆ ಎಲ್ಲವೂ ಹವಾಮಾನ. ಕೂಡಿಸಿ ಭಾಗಿಸಿದಾಗ ವಾಯುಗುಣ.

ಆಮೇಲಿನ ಅಂಕಿಗಳು ನಿಮಗೆ ಗೊತ್ತಿರಬಹುದು. 1958ರಲ್ಲಿ ಹವಾಯಿ ದ್ವೀಪದಲ್ಲಿ ಅಳೆಯಲು ಶುರು ಮಾಡಿದಾಗ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಇಂಗಾಲದ ಡೈಆಕ್ಸೈಡ್ 315 ಭಾಗ ಇತ್ತು, ಈಗ 420 ದಾಟಿದೆ. 1901ರಿಂದ 2018ರೊಳಗೆ ಭಾರತದ ಸರಾಸರಿ ಉಷ್ಣಾಂಶ ಸುಮಾರು 0.7 ಡಿಗ್ರಿ ಏರಿದೆ. 2024 ಇಡೀ ಭೂಮಿಗೆ ದಾಖಲೆಯ ಬಿಸಿ ವರ್ಷ. 'ಅರ್ಧ ಮುಕ್ಕಾಲು ಡಿಗ್ರಿಗೆ ಏನಾಗುತ್ತೆ, ನಮ್ಮಲ್ಲಿ ಬೆಳಗ್ಗೆಗೂ ಮಧ್ಯಾಹ್ನಕ್ಕೂ ಹದಿನೈದು ಡಿಗ್ರಿ ವ್ಯತ್ಯಾಸ ಇಲ್ಲವಾ' ಅಂತ ರಾಮಾಪುರದ ಟೀ ಅಂಗಡಿಯಲ್ಲಿ ಒಬ್ಬರು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಬೆಳಗ್ಗೆ-ಮಧ್ಯಾಹ್ನದ್ದು ಹವಾಮಾನ, ಏರಿ ಇಳಿಯುತ್ತದೆ. ಆ ಅರ್ಧ ಮುಕ್ಕಾಲು ಡಿಗ್ರಿ ಇಳಿಯುವುದಿಲ್ಲ, ಎಲ್ಲಾ ಬೆಳಗ್ಗೆ ಎಲ್ಲಾ ಮಧ್ಯಾಹ್ನಗಳ ಅಡಿಗೆ ಸೇರಿಕೊಳ್ಳುತ್ತದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಹಿಡಿದುಕೊಂಡಷ್ಟು ಹೊತ್ತು ನೆಲದಿಂದ ಹೀರುತ್ತದೆ, ಬಿಟ್ಟಾಗ ಒಮ್ಮೆಗೇ ಸುರಿಯುತ್ತದೆ. ರೇಷ್ಮೆ ಹುಳು ಸಾಕುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. 24ರಿಂದ 28 ಡಿಗ್ರಿಯೊಳಗೆ ಮನೆ ಇಟ್ಟುಕೊಳ್ಳಲು ಗೋಣಿಚೀಲ ನೆನೆಸಿ ಕಟ್ಟುವವರು ಅವರೇ.

ಹಾಗಂತ ಕಂಡದ್ದನ್ನೆಲ್ಲ ಇದರ ಮೇಲೆ ಹಾಕುವುದೂ ತಪ್ಪು. ಬಿಳಿಗಿರಿರಂಗನ ಬೆಟ್ಟವನ್ನೇ ನೋಡಿ. ಬುಡದಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಮಳೆ, ತುದಿಯ ಕಾಡುಗಳಲ್ಲಿ 3000ದ ತನಕ. ಯಳಂದೂರಿನಿಂದ ಬಸ್ ಹತ್ತಿ ಒಂದು ಗಂಟೆಯಲ್ಲಿ ವಾಯುಗುಣವೇ ಬದಲಾಗುತ್ತದೆ. ಅಲ್ಲಿನ ಸೋಲಿಗರು ಲಂಟಾನ ಹಬ್ಬಿದ್ದಕ್ಕೆ, ನೆಲ್ಲಿ ಮರಕ್ಕೆ ಬದನಿಕೆ ಹತ್ತಿದ್ದಕ್ಕೆ ಕೊಡುವ ಕಾರಣ ಕೇಳಿ. 1974ರಲ್ಲಿ ಅಭಯಾರಣ್ಯ ಆದ ಮೇಲೆ, ಹಿಂದಿನಿಂದ ಬೇಸಗೆಯ ಆರಂಭದಲ್ಲಿ ಹಾಕುತ್ತಿದ್ದ ತರಗು ಬೆಂಕಿ ನಿಂತಿತು, ಕಳೆ ಸುಡುವುದು ತಪ್ಪಿತು ಅನ್ನುತ್ತಾರೆ. ಸಂಶೋಧಕರೂ ಅವರ ಮಾತನ್ನು ಗಂಭೀರವಾಗಿ ತೆಗೆದುಕೊಂಡು ಅಧ್ಯಯನ ಮಾಡಿದ್ದಾರೆ. ಇದು ಭೂಮಿಯ ಬಿಸಿಯ ಕತೆಯಲ್ಲ, ನಿಯಮದ ಕತೆ. 'ಹವಾಮಾನ ಬದಲಾವಣೆಯಿಂದ ಕಾಡು ಹಾಳಾಯಿತು' ಅಂತ ಒಂದೇ ಸಾಲಿನಲ್ಲಿ ಬರೆದು ಮುಗಿಸಿದರೆ ಸೋಲಿಗರ ಮಾತು ಯಾರ ಕಿವಿಗೂ ಬೀಳುವುದಿಲ್ಲ.

ನಮ್ಮ ಈಚಿನ ವರ್ಷಗಳನ್ನು ಹೀಗೆ ಬಿಡಿಸಿ ನೋಡೋಣ. 2018ರ ನೆರೆಯಲ್ಲಿ ಶಿವನಸಮುದ್ರದ ಹತ್ತಿರ ರಾಮಸ್ವಾಮಿ ಮೊದಲಿಯಾರ್ ಕಟ್ಟಿಸಿದ್ದ ಹಳೇ ವೆಲ್ಲೆಸ್ಲಿ ಸೇತುವೆಯ ಒಂದು ಭಾಗ ಕೊಚ್ಚಿಹೋಯಿತು. 19ನೇ ಶತಮಾನದಿಂದ ನಿಂತಿದ್ದ ಕಲ್ಲು ಅದು, 1924ರ ಮಹಾ ನೆರೆಯನ್ನೂ ಕಂಡಿತ್ತು. ಇದೊಂದೇ ಘಟನೆಯಿಂದ ವಾಯುಗುಣ ಬದಲಾಯಿತು ಅನ್ನಲಾಗದು, ನಿಗಾ ಇಲ್ಲದ ಕಂಬಗಳ ಪಾಲೂ ಇರುತ್ತದೆ. 2021ರ ನವೆಂಬರಿನಲ್ಲಿ ದಕ್ಷಿಣ ಕರ್ನಾಟಕದ ಉದ್ದಕ್ಕೂ ಕೊಯ್ಲಿಗೆ ಬಂದ ರಾಗಿ ತೆನೆಯಲ್ಲೇ ಮೊಳಕೆ ಒಡೆಯಿತು. 2022ರಲ್ಲಿ ಸುವರ್ಣಾವತಿ ಉಕ್ಕಿ ಯಳಂದೂರಿನ ಗದ್ದೆ, ರಸ್ತೆ ಮುಳುಗಿದವು. ಮರುವರ್ಷವೇ ಎಲ್ ನಿನೊ: 2023ರ ಆಗಸ್ಟ್ ದೇಶಕ್ಕೆ 1901ರಿಂದ ಈಚೆಗಿನ ಅತಿ ಒಣ ಆಗಸ್ಟ್, ರಾಜ್ಯದಲ್ಲಿ 223 ತಾಲ್ಲೂಕು ಬರಪೀಡಿತ. ಒಂದೊಂದು ಹವಾಮಾನದ ಘಟನೆ. ಇಂಥವು ಮೂವತ್ತು ವರ್ಷದಲ್ಲಿ ಹೆಚ್ಚಾಗುತ್ತಿವೆಯಾ, ಒಂದರ ಹಿಂದೆ ಒಂದು ಹತ್ತಿರ ಹತ್ತಿರ ಬರುತ್ತಿವೆಯಾ ಅನ್ನುವುದು ವಾಯುಗುಣದ ಪ್ರಶ್ನೆ. ಎರಡನೇ ಪ್ರಶ್ನೆಗೆ ದೇಶದ ಮಟ್ಟದ ಉತ್ತರ ಬಂದಾಗಿದೆ, ಬಿಸಿ ಏರಿದೆ. ತಾಲ್ಲೂಕಿನ ಮಟ್ಟದಲ್ಲಿ ಉತ್ತರ ಬೇಕಾದರೆ ತಾಲ್ಲೂಕಿನ ಪುಸ್ತಕವೇ ಬೇಕು.

ಗೊಂದಲದ ಲಾಭ ಯಾರಿಗೆ ಅಂತ ನಾವು ಸಭೆಗಳಲ್ಲಿ ನೋಡಿದ್ದೇವೆ. ಅಕ್ಟೋಬರಿನಲ್ಲಿ ಕೆರೆ ತುಂಬಿದರೆ 'ಎಲ್ಲಿದೆ ಸ್ವಾಮಿ ನಿಮ್ಮ ಬದಲಾವಣೆ' ಅಂತ ನಗುತ್ತಾರೆ. ಕೆರೆ ಒಡೆದರೆ ಅದೇ ಬಾಯಲ್ಲಿ 'ಏನು ಮಾಡೋದು, ಹವಾಮಾನ ವೈಪರೀತ್ಯ' ಅನ್ನುತ್ತಾರೆ. ಕೋಡಿ ಮುಚ್ಚಿ ಸೈಟು ಮಾಡಿದ್ದರ ಮಾತು ಅಲ್ಲಿಗೆ ಮುಗಿಯಿತು. ಧಾತು ಈಶ್ವರದಲ್ಲಿ ದೈವದ ಮೇಲೆ ಹಾಕಿದ ಹಾಗೆ ಈಗ ಭೂಮಂಡಲದ ಮೇಲೆ.

ಈಗ ಗ್ರಾಮ ಪಂಚಾಯ್ತಿ ಮಟ್ಟದಲ್ಲೂ ಮಳೆಮಾಪಕಗಳಿವೆ. 1988ರಲ್ಲಿ ಬರ ಗಮನಿಸುವ ಘಟಕವಾಗಿ ಶುರುವಾದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಅದರ ಅಂಕಿ ತರಿಸಿಕೊಳ್ಳುತ್ತದೆ. ಬರದ ಘೋಷಣೆಗೂ, ಹವಾಮಾನ ಆಧಾರಿತ ಬೆಳೆ ವಿಮೆಗೂ ಅಳತೆಯ ಮಳೆಯೇ ಸಾಕ್ಷಿ. 2.5 ಮಿಲಿಮೀಟರ್ ಬಿದ್ದರೆ ಅದು 'ಮಳೆ ದಿನ', ಎಕರೆಗೆ ಸುಮಾರು 10 ಸಾವಿರ ಲೀಟರ್ ನೀರು. 2.4 ಬಿದ್ದರೆ ಲೆಕ್ಕದಲ್ಲಿ ಮಳೆ ದಿನವೇ ಅಲ್ಲ. ಹಾಗಾಗಿ ನಿಮ್ಮ ಪಂಚಾಯ್ತಿಯ ಮಾಪಕ ಎಲ್ಲಿದೆ, ಮೇಲೆ ಮರದ ಕೊಂಬೆ ಬಾಗಿದೆಯಾ, ಕೆಟ್ಟು ನಿಂತಿದೆಯಾ ಅಂತ ಒಮ್ಮೆ ಹೋಗಿ ನೋಡಿ ಬನ್ನಿ.

ಇನ್ನೊಂದು ಕೇಳಿಕೆ. ಕೆಲವು ಮನೆಗಳಲ್ಲಿ ಹಿರಿಯರು ಬಿತ್ತನೆಯ ದಿನ, ಮಳೆ ಬಿದ್ದ ದಿನ, ಕೆರೆ ಕೋಡಿ ಬಿದ್ದ ದಿನವನ್ನು ಲೆಕ್ಕದ ಪುಸ್ತಕದ ಅಂಚಿನಲ್ಲೋ ಪಂಚಾಂಗದ ಪುಟದಲ್ಲೋ ಗುರುತು ಹಾಕಿಟ್ಟಿರುತ್ತಾರೆ. ಅಟ್ಟದಲ್ಲಿದ್ದರೆ ಇಳಿಸಿ, ಗೆದ್ದಲು ತಿನ್ನುವ ಮೊದಲು ಪುಟಪುಟ ಫೋಟೋ ತೆಗೆದಿಡಿ. ನಮಗೆ ತೋರಿಸಿದರೆ ಕೊಳ್ಳೇಗಾಲದ್ದನ್ನು ಮದ್ರಾಸಿನ ಪುಸ್ತಕದ ಜೊತೆ, ಯಳಂದೂರಿನದನ್ನು ಮೈಸೂರಿನ ಪುಸ್ತಕದ ಜೊತೆ ಇಟ್ಟು ನೋಡುತ್ತೇವೆ.